ಪಶುವೈದ್ಯ ಸಂಶೋಧನೆಗೆ ಹೆಣ್ಣುಮಗಳು ಹೋಗಬಹುದೇ?

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ರೈತ ಕುಟುಂಬದವಳು. ಪಶುವೈದ್ಯ ಪದವಿಯ ಇಂಟರ್ನ್‌ಶಿಪ್‌ನಲ್ಲಿದ್ದೇನೆ. ಎಂವಿಎಸ್‌ಸಿ (ಪಶುವೈದ್ಯ ಸ್ನಾತಕೋತ್ತರ ಪದವಿ), ಪಿಎಚ್‌ಡಿ ಮಾಡಿ ಸಂಶೋಧನೆಯಲ್ಲೇ ಉಳಿಯುವ ಆಸೆಯಿದೆ. ಅಪ್ಪ ಮತ್ತು ಕಾಕಾ ಮಾತ್ರ “ದನಾ ಕೆಡವೂದು ಗಂಡಸರ ಕೆಲಸ, ಪರೀಕ್ಷೆ ಬರದು ಸರಕಾರಿ ದವಾಖಾನಿ ನೌಕರಿ ಹಿಡಿ, ಆಮ್ಯಾಲ ಲಗ್ನ” ಎನ್ನುತ್ತಾರೆ. ಈ ಕ್ಷೇತ್ರದ ಸಂಶೋಧನೆಯಲ್ಲಿ ಮಹಿಳೆಯರು ನಿಜವಾಗಿ ಏನು ಸಾಧಿಸಿದ್ದಾರೆ? ನಮ್ಮ ಭಾಗದಲ್ಲಿ ಇದ್ದುಕೊಂಡು ಮಾಡುವಂಥ ಕೆಲಸ ಇದೆಯೇ? ಮದುವೆ, ಮಕ್ಕಳು ಎಂದಾಗ ಇದು ಎಷ್ಟರ ಮಟ್ಟಿಗೆ ಸಾಧ್ಯ?

ಉತ್ತರ: ನಿಮ್ಮ ಅಪ್ಪ ಮತ್ತು ಕಾಕಾ ಅವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಮಾತಿನೊಳಗೆ ಒಂದು ತೊಡಕಿದೆ. ದನ ಕೆಡವುವುದು ಗಂಡಸರ ಕೆಲಸ ಎನ್ನುವವರು ದವಾಖಾನೆಯ ನೌಕರಿ ಹಿಡಿ ಎಂದು ಹೇಳುವುದು ಹೇಗೆ? ದನ ಕೆಡವುವ ಕೆಲಸ ಇರುವುದೇ ದವಾಖಾನೆಯಲ್ಲಿ. ಸಂಶೋಧಕಿಯ ಬಹುಪಾಲು ದಿನಗಳು ರಕ್ತದ ಮಾದರಿ, ಹಾಲಿನ ಮಾದರಿ, ಸೂಕ್ಷ್ಮದರ್ಶಕ ಮತ್ತು ಲೆಕ್ಕದ ಹಾಳೆಗಳ ನಡುವೆ ಕಳೆಯುತ್ತವೆ. ಅವರ ಆತಂಕ ಬಲದ ಬಗ್ಗೆ ಅಲ್ಲ, ಮಗಳು ದೂರ ಹೋಗುವುದರ ಬಗ್ಗೆ ಮತ್ತು ಸಂಬಳ ತಡವಾಗಿ ಕೈಸೇರುವುದರ ಬಗ್ಗೆ ಇರಬಹುದು ಎಂದು ನನ್ನ ಊಹೆ. ಆ ಆತಂಕಕ್ಕೆ ಅರ್ಥವಿದೆ, ಅದಕ್ಕೆ ಮುಂದೆ ಬರುತ್ತೇನೆ.

ಬಲದ ಮಾತನ್ನು ಇಲ್ಲಿಯೇ ಮುಗಿಸಿಬಿಡೋಣ. ಹಗ್ಗವನ್ನು ಕುತ್ತಿಗೆಗೆ ಒಂದು ಸುತ್ತು, ಮುಂಗಾಲುಗಳ ಹಿಂದೆ ಎದೆಗೆ ಒಂದು ಸುತ್ತು, ಕೆಚ್ಚಲಿಗೆ ತಾಗದಂತೆ ಹಿಂಬದಿಯ ಹೊಟ್ಟೆಗೆ ಒಂದು ಸುತ್ತು ಹಾಕಿ ಇಬ್ಬರು ಹಿಂದಕ್ಕೆ ಜಗ್ಗಿದರೆ ಎಂಥ ಎತ್ತೂ ತಾನಾಗಿ ಮಂಡಿಯೂರಿ ಮಲಗುತ್ತದೆ. ಇದನ್ನು ನೀವು ಎರಡನೆಯ ವರ್ಷದಲ್ಲೇ ಕಲಿತಿರುತ್ತೀರಿ. ಅಲ್ಲಿ ಕೆಲಸ ಮಾಡುವುದು ಹಗ್ಗ ಕೂರುವ ಜಾಗ, ತೋಳಲ್ಲ. ನಾನು ಪದವಿಗೆ ಸೇರುವಾಗ ಸಂದರ್ಶನದಲ್ಲಿ ಕುಳಿತಿದ್ದ ಹಿರಿಯರೊಬ್ಬರು “ಎಮ್ಮೆ ಒದ್ದರೆ ಏನು ಮಾಡುತ್ತೀಯಮ್ಮಾ?” ಎಂದು ಕೇಳಿದ್ದರು. ಒದೆ ತಾಗುವ ಜಾಗದಲ್ಲಿ ನಿಲ್ಲುವುದಿಲ್ಲ ಸರ್ ಎಂದಿದ್ದೆ. ಅದೇ ಕೋಣೆಗೆ ನನ್ನ ಹಿಂದೆ ಹೋದ ಹುಡುಗರಲ್ಲಿ ಯಾರಿಗೂ ಆ ಪ್ರಶ್ನೆ ಬರಲಿಲ್ಲ. ಮುಂದೆ ಅವರಲ್ಲಿ ಇಬ್ಬರು ಒದೆಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ಮಹಿಳೆಯರು ಈ ವೃತ್ತಿಗೆ ಬಂದ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಐರ್ಲೆಂಡಿನ ಎಲೀನ್ ಕಸ್ಟ್ ಎಂಬಾಕೆ ಎಡಿನ್‌ಬರೋದ ಪಶುವೈದ್ಯ ಕಾಲೇಜಿನಲ್ಲಿ ಓದಿ 1900ರಲ್ಲಿ ಶಿಕ್ಷಣ ಮುಗಿಸಿದರು. ಆದರೆ ಹೆಣ್ಣೆಂಬ ಕಾರಣಕ್ಕೆ ಅಲ್ಲಿನ ವೃತ್ತಿಪರ ಸಂಸ್ಥೆಯು ಅವರನ್ನು ಪರೀಕ್ಷೆಗೆ ಕೂರಲು ಬಿಡಲಿಲ್ಲ, ನೋಂದಣಿಯನ್ನೂ ಕೊಡಲಿಲ್ಲ. ಅವರು ನೋಂದಣಿಯಿಲ್ಲದೆಯೇ ಹಳ್ಳಿಗಳಲ್ಲಿ ಚಿಕಿತ್ಸೆ ಮಾಡಿಕೊಂಡಿದ್ದರು. ಹೆಣ್ಣೆಂಬ ಕಾರಣಕ್ಕೆ ವೃತ್ತಿಯಿಂದ ಹೊರಗಿಡುವಂತಿಲ್ಲ ಎಂಬ ಕಾನೂನು ಬ್ರಿಟನ್ನಿನಲ್ಲಿ 1919ರಲ್ಲಿ ಬಂದ ಮೇಲೆ, 1922ರಲ್ಲಿ ಅವರಿಗೆ ಮಾನ್ಯತೆ ದೊರೆಯಿತು. ಓದು ಮುಗಿಸಿ ಇಪ್ಪತ್ತೆರಡು ವರ್ಷಗಳ ನಂತರ! ನಮ್ಮ ದೇಶದಲ್ಲಿ 1952ರಲ್ಲಿ ಮದ್ರಾಸಿನ ಪಶುವೈದ್ಯ ಕಾಲೇಜಿನಿಂದ ಪದವಿ ಪಡೆದ ಸಕ್ಕೂಬಾಯಿ ರಾಮಚಂದ್ರನ್ ಅವರನ್ನು ಮೊದಲ ಪಶುವೈದ್ಯೆ ಎಂದು ಗುರುತಿಸುತ್ತಾರೆ. ಮುಂಬಯಿಯಲ್ಲಿ ಪಶುವೈದ್ಯ ಪದವಿ ಪಡೆದ ಅಮೃತಾ ಪಟೇಲ್ ಅವರು 1998ರಿಂದ 2014ರವರೆಗೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಅಧ್ಯಕ್ಷರಾಗಿದ್ದರು. ಹಾಲಿನ ಡೇರಿಗೆ ಹಾಲು ಹಾಕುವ ನಿಮ್ಮ ಮನೆಯವರಿಗೆ ಈ ಹೆಸರನ್ನು ಹೇಳಿ ನೋಡಿ.

ಸಂಶೋಧನೆಯ ಮಾತಿಗೆ ಬಂದರೆ ನಾನು ಬೇರೆಲ್ಲರನ್ನೂ ಬಿಟ್ಟು ಒಬ್ಬರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅವರು ಪಶುವೈದ್ಯೆ ಅಲ್ಲ, ಪಿಎಚ್‌ಡಿ ಮಾಡಿದವರೂ ಅಲ್ಲ. ಆದರೆ ಅವರು ಬಿಡಿಸಿದ ಗಂಟು ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕೊಟ್ಟಿಗೆಗಳಿಗೆ ನೇರವಾಗಿ ಸಂಬಂಧಿಸಿದ್ದು.

ಅವರ ಹೆಸರು ಆಲಿಸ್ ಇವಾನ್ಸ್. 1881ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, ಅಲ್ಲಿನ ಕೃಷಿ ಇಲಾಖೆಯ ಹೈನು ವಿಭಾಗದಲ್ಲಿ ಹಾಲಿನ ಜೀವಾಣುಗಳನ್ನು ಪರಿಶೀಲಿಸುವ ಕೆಲಸಕ್ಕೆ ಸೇರಿದ್ದವರು. ಆ ಕಾಲಕ್ಕೆ ಎರಡು ಜೀವಾಣುಗಳನ್ನು ವಿಜ್ಞಾನಿಗಳು ಬೇರೆ ಬೇರೆ ಎಂದೇ ಬಗೆದಿದ್ದರು. ಒಂದು, ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ 1887ರಲ್ಲಿ ಸೈನಿಕರಲ್ಲಿ ಕಂಡುಹಿಡಿದದ್ದು. ಅದು ಆಡಿನ ಹಾಲಿನಿಂದ ಮನುಷ್ಯರಿಗೆ ಬಂದು ಏರಿಳಿಯುವ ಜ್ವರ ತರುತ್ತಿತ್ತು. ಇನ್ನೊಂದು, ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ 1897ರಲ್ಲಿ ಕಂದು ಹಾಕಿದ (ಗರ್ಭಪಾತವಾದ) ಆಕಳುಗಳಲ್ಲಿ ಕಂಡದ್ದು; ಅದು ದನಕ್ಕೆ ಮಾತ್ರ ಕೇಡು, ಮನುಷ್ಯನಿಗೆ ಏನೂ ಮಾಡದು ಎಂಬ ನಂಬಿಕೆಯಿತ್ತು. ಇವಾನ್ಸ್ ಇವೆರಡನ್ನೂ ಅಕ್ಕಪಕ್ಕ ಬೆಳೆಸಿ, ಒಂದೊಂದೇ ಪರೀಕ್ಷೆಯಲ್ಲಿ ಹೋಲಿಸಿ, ಇವು ಒಂದೇ ಕುಲದವು ಎಂದು ತೋರಿಸಿದರು. ಹಾಗಿದ್ದರೆ, ಆರೋಗ್ಯವಾಗಿ ಕಾಣುವ ಆಕಳಿನ ಹಸಿ ಹಾಲೂ ಮನುಷ್ಯನಿಗೆ ರೋಗ ತರಬಲ್ಲದು ಎಂಬುದು ಅವರ ತೀರ್ಮಾನವಾಗಿತ್ತು. 1918ರಲ್ಲಿ ಇದು ಪ್ರಕಟವಾದಾಗ ಹೈನು ಉದ್ಯಮದವರೂ ವಿಜ್ಞಾನಿಗಳೂ ಒಪ್ಪಲಿಲ್ಲ. ಇಷ್ಟು ಜನ ತಜ್ಞರ ಕಣ್ಣಿಗೆ ಬೀಳದ್ದು ಈ ಹೆಣ್ಣಿನ ಕಣ್ಣಿಗೆ ಹೇಗೆ ಬಿತ್ತು ಎಂಬ ಧಾಟಿಯ ಅನುಮಾನವೇ ಹೆಚ್ಚಾಗಿತ್ತು. 1922ರಲ್ಲಿ ಪ್ರಯೋಗಾಲಯದಲ್ಲಿಯೇ ಆ ಸೋಂಕು ಅವರಿಗೆ ತಗುಲಿತು, ಮುಂದೆ ಬಹಳ ವರ್ಷ ಬಿಟ್ಟು ಬಿಟ್ಟು ಕಾಡಿತು. ವೈದ್ಯರು ಅದನ್ನು ನರದೌರ್ಬಲ್ಯ ಎಂದು ತಳ್ಳಿಹಾಕಿದರು. ಕೊನೆಗೆ ಅವರ ದೇಹದಿಂದಲೇ ಆ ಜೀವಾಣುವನ್ನು ಬೆಳೆಸಿ ತೋರಿಸಿದ ಮೇಲೆ ಬಾಯಿ ಮುಚ್ಚಿದರು. 1928ರಲ್ಲಿ ಅವರು ಅಮೆರಿಕದ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಹಾಲನ್ನು ಪಾಶ್ಚರೀಕರಿಸುವುದು ಅಲ್ಲಿ ವ್ಯಾಪಕವಾಗಲು ಅವರ ಕೆಲಸವೂ ಒಂದು ದೊಡ್ಡ ಕಾರಣ.

ಆ ಜೀವಾಣುವಿನ ಕುಲವೇ ಬ್ರುಸೆಲ್ಲಾ. ರೋಗಕ್ಕೆ ನಮ್ಮ ಇಲಾಖೆಯವರು ಕಂದು ರೋಗ ಎನ್ನುತ್ತಾರೆ. ಇದು ದೂರದ ದೇಶದ ಮಾತಾಯಿತು ಎಂದುಕೊಳ್ಳಬೇಡಿ. ವಿಜಯಪುರದ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ತಜ್ಞರು 16 ವರ್ಷಗಳ ತಮ್ಮ ಅನುಭವವನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ರೋಗ ತಗುಲಿದ ವಯಸ್ಕರ ಸಂಖ್ಯೆಯೇ 495. ಇದು ಆಸ್ಪತ್ರೆಯ ಮೆಟ್ಟಿಲು ಹತ್ತಿ, ಸರಿಯಾದ ಪರೀಕ್ಷೆಯೂ ನಡೆದು, ಹೆಸರು ಬರೆಸಿಕೊಂಡವರ ಲೆಕ್ಕ ಮಾತ್ರ. ಮಲೇರಿಯಾ, ಟೈಫಾಯ್ಡ್, ವಾತ ಎಂದು ಔಷಧ ತೆಗೆದುಕೊಂಡು ಸುಮ್ಮನಾದವರು ಈ ಲೆಕ್ಕದ ಹೊರಗಿದ್ದಾರೆ.

ಇಲ್ಲಿಯೇ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರವೂ ಇದೆ. ರಾಯಬಾಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾವು ಕಂದು ರೋಗದ ಸಮೀಕ್ಷೆಗೆ ಹೋಗಿದ್ದ ದಿನವೊಂದನ್ನು ಹೇಳುತ್ತೇನೆ. ನನ್ನ ಸಹೋದ್ಯೋಗಿ ಮನೆಯ ಯಜಮಾನರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಪ್ರಶ್ನಾವಳಿ ತುಂಬುತ್ತಿದ್ದರು. ಎಮ್ಮೆಗಳೆಷ್ಟು, ನಾಲ್ಕು. ಕಳೆದ ಎರಡು ವರ್ಷದಲ್ಲಿ ಯಾವುದಾದರೂ ಕಂದು ಹಾಕಿದೆಯೇ, ಇಲ್ಲ. ಹಾಳೆಯ ಮೇಲೆ “ಇಲ್ಲ” ಎಂದು ಬಿತ್ತು. ನಾನು ರಕ್ತ ತೆಗೆಯಲೆಂದು ಹಿತ್ತಲಿನ ಕೊಟ್ಟಿಗೆಗೆ ಹೋದೆ. ಉದ್ದ ಕೋಡಿನ ಪಂಢರಪುರಿ ಎಮ್ಮೆಯ ಕುತ್ತಿಗೆಯ ರಕ್ತನಾಳವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ದೆ. ಕಣ್ಣಿ ಹಿಡಿದು ನಿಂತಿದ್ದ ಯಜಮಾನರ ತಾಯಿ ಮೆಲ್ಲಗೆ ಮಾತು ತೆಗೆದರು. “ಅಕ್ಕಾರ, ಆ ಮೂಲ್ಯಾಗಿನ ಎಮ್ಮಿ ನೋಡ್ರಿ, ಎಂಟ ತಿಂಗಳಿಗಿ ಕಂದ ಹಾಕಿತ್ತು. ಹ್ವಾದ ವರ್ಷ ಇದೂ ಹಂಗ ಮಾಡಿತ್ರಿ. ಹೊರಗ ಹೇಳಬ್ಯಾಡ್ರಿ, ಯಾರೂ ಕೊಳ್ಳೂದಿಲ್ಲ.”

ಮಾಸು (ಕರುವಿನ ಹಿಂದೆ ಬೀಳುವ ಗರ್ಭದ ಚೀಲ) ಏನು ಮಾಡಿದಿರಿ ಎಂದು ಕೇಳಿದೆ. ಬೀಳದೆ ನಿಂತಿದ್ದನ್ನು ಕೈಹಾಕಿ ಎಳೆದೆ, ತಿಪ್ಪೆಗೆ ಒಗೆದೆ, ನಾಯಿ ಎಳೆದುಕೊಂಡು ಹೋದವು ಎಂದರು. ಎಮ್ಮೆಯ ಹತ್ತು ತಿಂಗಳ ಗಬ್ಬದಲ್ಲಿ ಏಳು ತಿಂಗಳು ದಾಟಿದ ಮೇಲೆ ಕಂದು ಬೀಳುವುದು, ಮಾಸು ನಿಲ್ಲುವುದು ಇವೆರಡೂ ಈ ರೋಗದ ಗುರುತುಗಳು. ಮಾಸಿನಲ್ಲಿ ಜೀವಾಣು ತುಂಬಿ ತುಳುಕುತ್ತಿರುತ್ತದೆ. ಆಮೇಲೆ ಆ ತಾಯಿ ತಮ್ಮ ಮಾತಿಗೆ ಬಂದರು: ಸಂಜೆಯಾದರೆ ಜ್ವರ, ಸೊಂಟ ಹಿಡಿಯುತ್ತದೆ, ರಾತ್ರಿ ಸೀರೆ ಒದ್ದೆಯಾಗುವಷ್ಟು ಬೆವರು, ಆರು ತಿಂಗಳಾಯಿತು, ಮನೆಯಲ್ಲಿ ಹೇಳಿಲ್ಲ.

ಅಂದು ರಾತ್ರಿ ತಾಲ್ಲೂಕು ಪಶು ಆಸ್ಪತ್ರೆಯ ಮೇಜಿನ ಮೇಲೆ, ಕಂದು ರೋಗವನ್ನು ಗುರುತಿಸುವ ರೋಸ್ ಬೆಂಗಾಲ್ ಪರೀಕ್ಷೆ ಮಾಡಿದೆವು. ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿ ಸೀರಮ್ ಒಂದು ಹನಿ, ಗುಲಾಬಿ ಬಣ್ಣದ ದ್ರಾವಣ ಒಂದು ಹನಿ, ಎರಡನ್ನೂ ಬೆರೆಸಿ ತಟ್ಟೆಯನ್ನು ನಾಲ್ಕು ನಿಮಿಷ ಅಲುಗಿಸುತ್ತಿರಬೇಕು. ಮೊದಲ ಎರಡು ಎಮ್ಮೆಗಳ ಹನಿ ನುಣ್ಣಗೆ ಗುಲಾಬಿಯಾಗಿಯೇ ಉಳಿಯಿತು. ಮೂಲೆಯ ಎಮ್ಮೆಯದೂ ಪಕ್ಕದ ಎಮ್ಮೆಯದೂ ಎರಡನೆಯ ನಿಮಿಷಕ್ಕೇ ಒಡೆದ ಹಾಲಿನಂತೆ ಚೂರು ಚೂರಾಗಿ ಅಂಚಿಗೆ ಸರಿಯಿತು. ಹಗಲು ಕಟ್ಟೆಯ ಮೇಲೆ ತುಂಬಿದ್ದ ಹಾಳೆಯನ್ನು ನನ್ನ ಸಹೋದ್ಯೋಗಿ ತೆಗೆದು “ಇಲ್ಲ” ಎಂಬುದನ್ನು ಹೊಡೆದುಹಾಕಿದರು. ಆ ತಾಯಿಯನ್ನು ಮರುದಿನವೇ ಜಿಲ್ಲಾ ಆಸ್ಪತ್ರೆಗೆ ಕಳುಹಿಸಲು ಮನೆಯವರನ್ನು ಒಪ್ಪಿಸಬೇಕಾಯಿತು, ಅದಕ್ಕೆ ಹಿಡಿದ ಸಮಯ ಪರೀಕ್ಷೆಗಿಂತ ಹೆಚ್ಚು.

ನನ್ನ ಸಹೋದ್ಯೋಗಿ ದಡ್ಡರಲ್ಲ. ನಾನು ಕಂಡ ಅತ್ಯಂತ ಸೂಕ್ಷ್ಮ ಸಂಶೋಧಕರಲ್ಲಿ ಅವರೂ ಒಬ್ಬರು. ಆದರೆ ನಮ್ಮ ಭಾಗದಲ್ಲಿ ಹಾಲು ಹಿಂಡುವವರು, ಸಗಣಿ ಬಾಚುವವರು, ಕರುವಿಗೆ ಗಿಣ್ಣು ಕುಡಿಸುವವರು, ಮಾಸು ಎತ್ತಿ ಹಾಕುವವರು ಬಹುಪಾಲು ಹೆಂಗಸರು. ದನದ ವ್ಯವಹಾರ ಗಂಡಸರದು, ದನದ ಮೈಯ ಸುದ್ದಿ ಹೆಂಗಸರ ಬಳಿಯಿದೆ. ಆ ಸುದ್ದಿ ಪರಗಂಡಸಿನ ಎದುರು ಬಾಯಿಬಿಡುವುದಿಲ್ಲ, ಅದರಲ್ಲೂ ಗಬ್ಬ, ಮಾಸು, ತನ್ನ ಮೈಬೇನೆಯ ಮಾತಿದ್ದಾಗ. ಪಶುವೈದ್ಯ ಸಂಶೋಧನೆಗೆ ಮಹಿಳೆಯರು ಬೇಕೆನ್ನುವುದಕ್ಕೆ ನನ್ನ ಮುಖ್ಯ ಕಾರಣ ಸಮಾನತೆಯಲ್ಲ (ಅದು ಹೇಗೂ ಬೇಕು), ಮಾದರಿಯ ಶುದ್ಧತೆ. ತಪ್ಪು “ಇಲ್ಲ”ಗಳಿಂದ ತುಂಬಿದ ಹಾಳೆಗಳ ಮೇಲೆ ಎಷ್ಟು ಸಂಖ್ಯಾಶಾಸ್ತ್ರ ಹೇರಿದರೂ ಸತ್ಯ ಹೊರಬೀಳುವುದಿಲ್ಲ.

ಕೆಚ್ಚಲು ಬಾವಿನ ವಿಷಯದಲ್ಲೂ ಹೀಗೆಯೇ. ಹೆಬ್ಬೆರಳನ್ನು ಮಡಚಿ ಅದರ ಗೆಣ್ಣಿನಿಂದ ಮೊಲೆತೊಟ್ಟು ಒತ್ತಿ ಹಿಂಡುವ ರೂಢಿ ನಮ್ಮಲ್ಲಿದೆ. ಇದರಿಂದ ತೊಟ್ಟಿನ ಒಳಪದರಕ್ಕೆ ಗಾಯವಾಗಿ ಬಾವಿಗೆ ದಾರಿಯಾಗುತ್ತದೆ. ಇಡೀ ಮುಷ್ಟಿಯಲ್ಲಿ ಹಿಂಡಬೇಕು. ಯಾರು ಹೇಗೆ ಹಿಂಡುತ್ತಾರೆ ಎಂಬುದು ಪ್ರಶ್ನೆ ಕೇಳಿ ತಿಳಿಯುವಂಥದ್ದಲ್ಲ, ಬೆಳಗಿನ ಐದು ಗಂಟೆಗೆ ಕೊಟ್ಟಿಗೆಯಲ್ಲಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ನೋಡಬೇಕು.

ಕುರಿ ನಿಮ್ಮ ಆಸಕ್ತಿಯಾಗಿದ್ದರೆ ಹತ್ತಿರದ ಎರಡು ಉದಾಹರಣೆಗಳಿವೆ. ಸಾತಾರಾ ಜಿಲ್ಲೆಯ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಪಶು ತಳಿವಿಜ್ಞಾನಿ ಚಂದಾ ನಿಂಬಕರ್ ಅವರು ದಖನಿ ಕುರಿಯ ಮೇಲೆ ಮಾಡಿದ ಕೆಲಸ ಅವುಗಳಲ್ಲಿ ಒಂದು. ನಮ್ಮ ಕಡೆಯ ದಖನಿ ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಬಂಗಾಳದ ಸುಂದರಬನದ ಗರೋಲ್ ಎಂಬ ಸಣ್ಣ ಕುರಿಯಲ್ಲಿ ಹೆಚ್ಚು ಮರಿಗೆ ಕಾರಣವಾಗುವ ಒಂದು ಜೀನ್ ಇದೆ. ಅದನ್ನು ತಳಿಸಂಕರದ ಮೂಲಕ ದಖನಿಗೆ ತಂದು, ಮುಂದೆ ಹಿಂಸಂಕರ (ಬೆರಕೆ ಕುರಿಯನ್ನು ಮತ್ತೆ ದಖನಿಗೇ ಕೂಡಿಸುವುದು) ಮಾಡುತ್ತ ಗರೋಲ್‌ನ ಸಣ್ಣ ಗಾತ್ರವನ್ನು ಕಳೆದು ಜೀನನ್ನು ಮಾತ್ರ ಉಳಿಸಿಕೊಂಡು ಸುವರ್ಣಾ ಎಂಬ ಅವಳಿ ಮರಿ ಹಾಕುವ ಕುರಿಯನ್ನು ರೂಪಿಸಿದರು. ಇಲ್ಲಿ ಜಾಣತನ ಇರುವುದು ಸಂಯಮದಲ್ಲಿ: ಆ ಜೀನಿನ ಒಂದೇ ಪ್ರತಿ ಇದ್ದರೆ ಹೆಚ್ಚಾಗಿ ಎರಡು ಮರಿ, ಎರಡೂ ಪ್ರತಿ ಸೇರಿದರೆ ಮೂರು ಮರಿಗಳೂ ಬರಬಹುದು, ಆದರೆ ಬಯಲಲ್ಲಿ ಮೇಯುವ ತಾಯಿಗೆ ಅಷ್ಟು ಹಾಲಿಲ್ಲ. ಇನ್ನೊಂದು ಉದಾಹರಣೆ, ಪುಣೆ ಮತ್ತು ಹೈದರಾಬಾದಿನಲ್ಲಿ 1990ರ ದಶಕದ ಆರಂಭದಿಂದ ಕೆಲಸ ಮಾಡುತ್ತ ಬಂದ ಆಂಥ್ರಾ. ಪಶುವೈದ್ಯೆಯರಾದ ನಿತ್ಯಾ ಘೋಟ್ಗೆ, ಸಾಗರಿ ರಾಮದಾಸ್ ಅವರು ಕಟ್ಟಿದ ಈ ಸಂಸ್ಥೆ ಕುರಿಗಾರರ ಮತ್ತು ಹಳ್ಳಿ ಹೆಂಗಸರ ಔಷಧಜ್ಞಾನವನ್ನು ದಾಖಲಿಸುವುದನ್ನು ಸಂಶೋಧನೆಯೆಂದೇ ಗಂಭೀರವಾಗಿ ನಡೆಸಿತು. ಅಮೀನಗಡದ ಕುರಿ ಸಂತೆಗೆ ಒಂದು ಬೆಳಿಗ್ಗೆ ಹೋಗಿ ನಿಂತರೆ ದಖನಿ, ಯಳಗ, ಇವೆರಡರ ಬೆರಕೆ ಎಲ್ಲವೂ ಕಣ್ಣಮುಂದೆ ಸಾಲುಗಟ್ಟುತ್ತವೆ. ಕರಿ ಕಂಬಳಿಯ ಉಣ್ಣೆಗೆ ಬೆಲೆ ಬಿದ್ದ ಮೇಲೆ ಕುರಿಗಾರರು ಯಾವ ತಳಿಯ ಕಡೆ ಹೊರಳುತ್ತಿದ್ದಾರೆ ಎಂಬುದನ್ನು ಅಲ್ಲಿಯೇ ಓದಬಹುದು. ಕೃಷ್ಣಾ ತೀರದ ಆಕಳು ತಳಿ ಇಂದು ಬೆರಳೆಣಿಕೆಯ ಹಟ್ಟಿಗಳಲ್ಲಿ ಮಾತ್ರ ಶುದ್ಧವಾಗಿ ಉಳಿದಿದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಮುಧೋಳ ನಾಯಿಯ ಸಂಶೋಧನಾ ಕೇಂದ್ರವಿದೆ, ಅದು ಬೀದರಿನ ನಮ್ಮ ಪಶುವೈದ್ಯ ವಿಶ್ವವಿದ್ಯಾಲಯದ್ದೇ. ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲಿ ಕಾಲೇಜೂ ಬಂದಿದೆ. ಕೆಲಸವಿಲ್ಲ ಎನ್ನುವ ಮಾತು ನಮ್ಮ ಮೂರು ಜಿಲ್ಲೆಗಳಿಗೆ ಅನ್ವಯಿಸುವುದಿಲ್ಲ.

ಈಗ ನಿಮ್ಮ ಮನೆಯವರಾಗಲಿ ನೀವಾಗಲಿ ಕೇಳದ, ಆದರೆ ಕೇಳಬೇಕಾಗಿದ್ದ ವಿಷಯ. ಎಮ್ಮೆಯ ಕೋಡಿಗೆ ಹೆದರುವವರು ಚಿಕ್ಕ ಸೀಸೆಗೆ ಹೆದರುವುದಿಲ್ಲ. ನಿಜವಾದ ಅಪಾಯ ಇರುವುದು ಸೀಸೆಯಲ್ಲಿ. ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ತಗುಲುವ ಸೋಂಕುಗಳಲ್ಲಿ ಬ್ರುಸೆಲ್ಲಾ ಜಗತ್ತಿನಾದ್ಯಂತ ಮುಂಚೂಣಿಯಲ್ಲಿದೆ. ಅದು ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳಿಂದಲೇ ಹರಡಬಲ್ಲದು. ಹಳೆಯ ಕಾಲದ ಬ್ಯಾಕ್ಟೀರಿಯಾ ತಜ್ಞರಿಗೆ ಬೆಳೆದ ತಟ್ಟೆಯ ಮುಚ್ಚಳ ತೆಗೆದು ಮೂಸಿ ನೋಡಿ ಜೀವಾಣುವನ್ನು ಗುರುತಿಸುವ ಅಭ್ಯಾಸವಿತ್ತು, ನನ್ನ ಗುರುಗಳಲ್ಲೂ ಇತ್ತು. ಯಾರಾದರೂ ಹಾಗೆ ಮಾಡಲು ಹೇಳಿದರೆ ವಿನಯದಿಂದ ನಿರಾಕರಿಸಿ. ಕಂದು ರೋಗದ ವಿರುದ್ಧ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಹಾಕುವ ಎಸ್-19 ಲಸಿಕೆಯಲ್ಲಿ ಜೀವಂತ ಜೀವಾಣುವೇ ಇದೆ. ಅದು ಕರುವಿಗೆ ರಕ್ಷಣೆ, ಸೂಜಿ ನಿಮ್ಮ ಬೆರಳಿಗೆ ಚುಚ್ಚಿದರೆ ನಿಮಗೆ ರೋಗ. ಹಾಗಾದರೆ ಅಂದೇ ವೈದ್ಯರ ಬಳಿ ಹೋಗಿ, ಯಾವ ಲಸಿಕೆ ಎಂದು ಹೆಸರಿಟ್ಟು ಹೇಳಬೇಕು. ಗರ್ಭಿಣಿಯರಲ್ಲಿ ಈ ಸೋಂಕು ಗರ್ಭಪಾತಕ್ಕೂ ಕಾರಣವಾಗಬಹುದು.

ದನಗಳನ್ನು ಬೆದೆಗೆ ತರಲು ನೀಡುವ ಪ್ರೊಸ್ಟಗ್ಲಾಂಡಿನ್ ಚುಚ್ಚುಮದ್ದು ಇನ್ನೊಂದು ಅಪಾಯ. ಅದು ಚರ್ಮದ ಮೂಲಕವೇ ಒಳಸೇರಬಲ್ಲದು, ಗರ್ಭಕೋಶವನ್ನು ಸಂಕುಚಿಸುತ್ತದೆ. ಗರ್ಭಿಣಿಯರೂ ಉಬ್ಬಸವುಳ್ಳವರೂ ಅದನ್ನು ಮುಟ್ಟಲೇಬಾರದು. ಕುರಿ, ಆಡುಗಳ ಕಂದುಬೀಳುವಿಕೆಗೆ ಕಾರಣವಾಗುವ ಟಾಕ್ಸೋಪ್ಲಾಸ್ಮಾ, ಕ್ಯೂ ಜ್ವರದ ಜೀವಾಣು, ಕ್ಷ-ಕಿರಣ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಸೋರುವ ಅರಿವಳಿಕೆ ಅನಿಲ, ಅಂಗರಚನಾ ವಿಭಾಗದ ಫಾರ್ಮಲಿನ್ ಇವೂ ಇದೇ ಸಾಲಿನವು. ಇವುಗಳಿಂದಾಗಿ ಹೆಣ್ಣುಮಕ್ಕಳು ಬರಬಾರದು ಎಂದು ನಾನು ಹೇಳುತ್ತಿಲ್ಲ, ಗಂಡುಮಕ್ಕಳಿಗೂ ಬ್ರುಸೆಲ್ಲಾ ತಗುಲಿ ವೃಷಣ ಬಾವು ಬಂದದ್ದನ್ನು ಕಂಡಿದ್ದೇನೆ. ಹೇಳುತ್ತಿರುವುದು ಇಷ್ಟೇ: ಗರ್ಭಿಣಿಯೆಂದು ತಿಳಿದ ದಿನ ಕೆಲಸ ಬದಲಿಸಿಕೊಡಿ ಎಂದು ಕೇಳಲು ಹಿಂಜರಿಯುವ ವಾತಾವರಣ ಇದ್ದಲ್ಲಿ ಈ ವಸ್ತುಗಳು ಅಪಾಯಕಾರಿ, ಇಲ್ಲದಲ್ಲಿ ನಿಭಾಯಿಸಬಹುದಾದವು. ನಾನು ಕೆಲಸ ಮಾಡಿದ ಒಂದು ಕಡೆ ಕಿರಿಯ ಸಂಶೋಧಕಿಯೊಬ್ಬಳು ಮೂರು ತಿಂಗಳು ಗರ್ಭಿಣಿಯೆಂಬ ವಿಷಯ ಮುಚ್ಚಿಟ್ಟು, ಜೀವಾಣು ಬೆಳೆಸುವ ಕಲ್ಚರ್ ಕೋಣೆಯಲ್ಲೇ ಇದ್ದಳು, ಪ್ರಾಜೆಕ್ಟಿನಿಂದ ತೆಗೆಯುತ್ತಾರೆಂಬ ಭಯಕ್ಕೆ. ಏನೂ ಆಗಲಿಲ್ಲ ಎಂಬುದು ನಮ್ಮ ಅದೃಷ್ಟ. ಅವಳಿಗೆ ಆ ಭಯ ಹುಟ್ಟಿಸಿದ್ದರಲ್ಲಿ ವಿಭಾಗದ ಹಿರಿಯರಾದ ನಮ್ಮೆಲ್ಲರ ಪಾಲಿತ್ತು.

ಮದುವೆ, ಮಕ್ಕಳ ಲೆಕ್ಕವನ್ನು ಇಲ್ಲಿಂದ ನೋಡಿ. ಎಂವಿಎಸ್‌ಸಿ ಎರಡು ವರ್ಷ, ಪಿಎಚ್‌ಡಿ ಕನಿಷ್ಠ ಮೂರು ವರ್ಷ, ನಡೆಯುವುದು ಹೆಚ್ಚಾಗಿ ನಾಲ್ಕೈದು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಜೆಆರ್‌ಎಫ್ (ಕಿರಿಯ ಸಂಶೋಧನಾ ಶಿಷ್ಯವೇತನ) ಪರೀಕ್ಷೆಯಲ್ಲಿ ಉತ್ತಮ ರ್‍ಯಾಂಕ್ ಬಂದರೆ ಎಂವಿಎಸ್‌ಸಿಗೇ ಶಿಷ್ಯವೇತನ ಬರುತ್ತದೆ. ಅಪ್ಪನಿಗೆ ಮೊದಲು ತೋರಿಸಬೇಕಾದ ಕಾಗದ ಅದೇ. “ಇನ್ನೂ ಎಷ್ಟ ವರ್ಷ ಓದಸೂದು” ಎಂಬ ಮಾತಿನ ಅರ್ಧ ಭಾರ ಅಲ್ಲಿಗೆ ಇಳಿಯುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್‌ಡಿ ನಿಯಮಗಳಲ್ಲಿ ಮಹಿಳಾ ಸಂಶೋಧಕರಿಗೆ ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆಯೂ, ಪ್ರಬಂಧ ಸಲ್ಲಿಸಲು ಎರಡು ವರ್ಷದ ಹೆಚ್ಚುವರಿ ಅವಕಾಶವೂ ಇದೆ. ಕೃಷಿ ಮತ್ತು ಪಶುವೈದ್ಯ ವಿಶ್ವವಿದ್ಯಾಲಯಗಳಿಗೆ ತಮ್ಮದೇ ನಿಯಮಾವಳಿ ಇರುವುದರಿಂದ ಸೇರುವ ಮುನ್ನ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳಿ. ಸಂಸಾರದ ಕಾರಣಕ್ಕೆ ಕೆಲಸ ಬಿಟ್ಟು ಮರಳಿ ಬರಲು ಬಯಸುವ ಮಹಿಳೆಯರಿಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಲ್ಲೂ ಜೈವಿಕ ತಂತ್ರಜ್ಞಾನ ಇಲಾಖೆಯಲ್ಲೂ ಪ್ರತ್ಯೇಕ ಯೋಜನೆಗಳಿವೆ.

ಮಾರ್ಗದರ್ಶಕರನ್ನು ಆರಿಸುವುದು ವಿಷಯ ಆರಿಸುವುದಕ್ಕಿಂತ ಮುಖ್ಯ ಎಂದೇ ನನ್ನ ಅಭಿಪ್ರಾಯ. ಅವರ ಪ್ರಕಟಣೆಗಳ ಪಟ್ಟಿಗಿಂತ ಮೊದಲು ಅವರ ಬಳಿ ಓದಿದ ಹೆಣ್ಣುಮಕ್ಕಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ. ಹಳ್ಳಿಗೆ ಮಾದರಿ ತರಲು ಹೋಗುವಾಗ ವಾಹನ ಯಾರದು, ತಂಗುವುದು ಎಲ್ಲಿ, ಅಲ್ಲಿ ಶೌಚಾಲಯ ಇದೆಯೇ ಎಂಬುದನ್ನೂ ಕೇಳಿ, ಸಂಕೋಚ ಬೇಡ. ಬೇಸಿಗೆಯಲ್ಲಿ ಸಿಂದಗಿ, ಇಂಡಿ ಕಡೆಯ ಬಯಲಿನಲ್ಲಿ ದಿನವಿಡೀ ನೀರು ಕುಡಿಯದೆ ಕೆಲಸ ಮಾಡಿ ಮೂತ್ರದ ಸೋಂಕು ತಂದುಕೊಂಡ ಹುಡುಗಿಯರನ್ನು ಬಲ್ಲೆ. ಯಾವ ಸಂಶೋಧನಾ ಪ್ರಬಂಧದಲ್ಲೂ ಅದು ನಮೂದಾಗುವುದಿಲ್ಲ.

ಯಾವ ವಿಭಾಗ ಎಂದು ನೀವು ಕೇಳಿಲ್ಲ, ಆದರೆ ಕೇಳುವಿರೆಂದು ಊಹಿಸಿ ಹೇಳುತ್ತೇನೆ. ಸೂಕ್ಷ್ಮಜೀವಿಶಾಸ್ತ್ರ, ಪಶುವೈದ್ಯ ಸಾರ್ವಜನಿಕ ಆರೋಗ್ಯ ಮತ್ತು ಸಾಂಕ್ರಾಮಿಕ ರೋಗಶಾಸ್ತ್ರ ಈ ಮೂರರಲ್ಲಿ ಒಂದನ್ನು ಹಿಡಿದರೆ ನಮ್ಮ ಭಾಗಕ್ಕೆ ಉಪಯೋಗ ಹೆಚ್ಚು. ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಪಶು ಸಾಂಕ್ರಾಮಿಕ ರೋಗ ಸಂಸ್ಥೆಯೊಡನೆ ಕೆಲಸ ಮಾಡುವ ಅವಕಾಶವೂ ಆಗ ತೆರೆಯುತ್ತದೆ. ನನ್ನದು ಸೂಕ್ಷ್ಮಜೀವಿಶಾಸ್ತ್ರವಾದ್ದರಿಂದ ನನ್ನ ತಕ್ಕಡಿ ಕೊಂಚ ಆ ಕಡೆ ವಾಲಿದ್ದರೆ ಆಶ್ಚರ್ಯವಿಲ್ಲ.

ಇಂಟರ್ನ್‌ಶಿಪ್ ಮುಗಿಯುವುದರೊಳಗೆ ಎರಡು ಕೆಲಸ ಮಾಡಿಕೊಳ್ಳಿ. ನಿಮ್ಮದೇ ರಕ್ತದ ಸೀರಮ್ಮನ್ನು ಈಗಲೇ ಬ್ರುಸೆಲ್ಲಾಗೆ ಪರೀಕ್ಷಿಸಿ, ಸಾಧ್ಯವಿದ್ದಲ್ಲಿ ಒಂದು ಭಾಗವನ್ನು ಶೀತಲೀಕರಿಸಿ ಇರಿಸಿರಿ. ಮುಂದೆ ಎಂದಾದರೂ ಜ್ವರ ಬಂದಾಗ ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಮತ್ತು ನಿಮ್ಮ ಊರಿನ ಮತ್ತು ಸುತ್ತಲಿನ ನಾಲ್ಕು ಊರಿನ ಕೊಟ್ಟಿಗೆಗಳಲ್ಲಿ ಕಂದು ಹಾಕಿದ ಪ್ರತಿ ಆಕಳು, ಎಮ್ಮೆ, ಆಡು, ಕುರಿಯ ವಿವರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿ: ಯಾವ ತಿಂಗಳ ಗಬ್ಬ, ಮಾಸು ಬಿತ್ತೇ ನಿಂತಿತೇ, ಅದನ್ನು ಎತ್ತಿದವರು ಯಾರು, ಅವರಿಗೆ ಜ್ವರ ಬಂತೇ, ಹಾಲನ್ನು ಕಾಯಿಸಿ ಕುಡಿದರೇ. ಹಿತ್ತಲಿನ ಬಾಗಿಲಿನಿಂದ ಹೋಗಿ ಕೇಳಿ. ಆ ನೋಟ್‌ಬುಕ್ಕಿನ ಹತ್ತು ಪುಟ ತುಂಬಿದ ಮೇಲೆ ಒಂದು ಸಂಜೆ ಅದನ್ನು ನಿಮ್ಮ ಅಪ್ಪನಿಗೆ ಓದಿ ಹೇಳಿ, ನಂತರ ನನಗೆ ಮತ್ತೊಂದು ಪತ್ರ ಬರೆಯಿರಿ.